ಮೋದಕದ ಕಣಕ: ಮೂರು ಭಾನುವಾರ, ಮೂರು ಹಿಟ್ಟು

ಪುಣೆಗೆ ಬಂದ ಮೊದಲ ಚೌತಿಯಲ್ಲಿ ಪಕ್ಕದ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಉಕಡೀಚೆ ಮೋದಕ, ಅಂದರೆ ಅಕ್ಕಿಹಿಟ್ಟಿನ ಹೊದಿಕೆಯ, ಹಬೆಯಲ್ಲಿ ಬೇಯಿಸಿದ ಮೋದಕ ತಂದುಕೊಟ್ಟಿದ್ದರು. ಹೊದಿಕೆ ಎಷ್ಟು ತೆಳ್ಳಗಿತ್ತೆಂದರೆ ಒಳಗಿನ ಹೂರಣದ ಬಣ್ಣ ಹೊರಗೇ ಕಾಣುತ್ತಿತ್ತು. ಮೈಸೂರಿನ ನಮ್ಮ ಮನೆಯ ಸಿಹಿ ಕಡುಬು ಹಾಗಿರುವುದಿಲ್ಲ. ಇದು ಕೈಯ ಹದವೋ ಹಿಟ್ಟಿನ ಗುಣವೋ ತಿಳಿಯಬೇಕೆಂದು ಈ ಸಲ ಹಬ್ಬಕ್ಕೆ ಮುಂಚಿನ ಮೂರು ಭಾನುವಾರ ಮೂರು ಬಗೆಯ ಕಣಕ ಮಾಡಿದೆ. ಹೂರಣ ಬದಲಿಸಲಿಲ್ಲ: ಎರಡು ಬಟ್ಟಲು ಕಾಯಿತುರಿಗೆ ಒಂದು ಬಟ್ಟಲು ಕೊಲ್ಹಾಪುರದ ಬೆಲ್ಲ, ಹುರಿದ ಗಸಗಸೆ, ಏಲಕ್ಕಿ.

ಮೊದಲು ಅಂಗಡಿಯ ಪ್ಯಾಕೆಟ್ ಅಕ್ಕಿಹಿಟ್ಟು. ಬಟ್ಟಲಿಗೆ ಬಟ್ಟಲು ನೀರು, ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ. ಹಿಟ್ಟು ಒಣಕಲಾಗಿ, ನೆರಿಗೆ ಹಿಡಿಯುವಾಗ ಅಂಚು ಸೀಳಿತು. ಹನ್ನೊಂದರಲ್ಲಿ ನಾಲ್ಕು ಹಬೆಯಲ್ಲೇ ಬಿರಿದು ಬೆಲ್ಲ ಸೋರಿತು. ಅಚ್ಚಿನಲ್ಲಿ ಒತ್ತುವವರಿಗೆ ನಡೆದೀತು.

ಎರಡನೆಯದು ಆಂಬೆಮೋಹರ್. ಮೋಹರ್ ಅಂದರೆ ಮಾವಿನ ಹೂವು. ಬೇಯುವಾಗ ಬರುವ ಘಮದಿಂದ ಆ ಹೆಸರು. ಪುಣೆ ಜಿಲ್ಲೆಯ ಮುಳಶಿ, ಮಾವಳ ಕಡೆ ಬೆಳೆಯುವ ಗಿಡ್ಡ ಅಕ್ಕಿ. ಕಾಕು ಹೇಳಿದಂತೆ ತೊಳೆದು, ನೆರಳಲ್ಲಿ ಬಟ್ಟೆಯ ಮೇಲೆ ಒಣಗಿಸಿ, ಗಿರಣಿಯಲ್ಲಿ ನುಣ್ಣಗೆ ಬೀಸಿಸಿದೆ. ಅಕ್ಕಿ ಬೀಸುವ ಸರದಿಗೆ ಕಾದು ಹಾಕಿಸಿ. ಗೋಧಿಯ ಬೆನ್ನಿಗೇ ಹಾಕಿಸಿದರೆ ಎರಡೂ ಬೆರೆಯುತ್ತವೆ. ನೀರಿನ ಅಳತೆ ಮೊದಲಿನದೇ. ಆದರೆ ಕುದಿಯುವ ನೀರಿಗೆ ಹಿಟ್ಟು ಸುರಿದು ಉಕ್ಕರಿಸಿ, ಮುಚ್ಚಿಟ್ಟು, ಕೈ ಸುಡುವಾಗಲೇ ನೀರು ಮುಟ್ಟಿಕೊಂಡು ನಾದಿದ್ದಕ್ಕೆ ಹಿಟ್ಟು ಬೆಣ್ಣೆಯಂತಾಯಿತು. ಅಕ್ಕಿಯಲ್ಲಿ ಗೋಧಿಯ ಜಿಗುಟಿಲ್ಲ. ಅದರ ಪಿಷ್ಟ ಬಿಸಿನೀರು ಕುಡಿದು ಉಬ್ಬಿದರೇನೇ ಹಿಡಿತ ಬರುವುದು. ಅದಕ್ಕೇ ಉಕ್ಕರಿಸುವುದು. ನಮ್ಮ ಈ ಮಾತಿಗೂ ಮರಾಠಿಯವರ ‘ಉಕಡ’ಕ್ಕೂ ಎಷ್ಟು ಹತ್ತಿರ! ಹದಿಮೂರು ನೆರಿಗೆ ಹಿಡಿದೆ, ಒಂದೂ ಸೀಳಲಿಲ್ಲ. ಅರಿಶಿನದ ಎಲೆಯ ಮೇಲಿಟ್ಟು ಹನ್ನೆರಡು ನಿಮಿಷ ಬೇಯಿಸಿದಾಗ ಎದ್ದ ಪರಿಮಳಕ್ಕೆ ಮಗಳು ಓದುವುದು ಬಿಟ್ಟು ಅಡುಗೆಮನೆಗೆ ಬಂದಳು.

ಮೂರನೆಯದು ಅಮ್ಮನ ಕ್ರಮ. ದೋಸೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ನುಣ್ಣಗೆ ರುಬ್ಬಿ, ನೀರುನೀರಾದ ಹಿಟ್ಟನ್ನು ಎರಡು ಚಮಚ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ ಗೊಟಾಯಿಸಬೇಕು. ತಳ ಹಿಡಿಯದಂತೆ ಕೈ ಬಿಡದೆ ತಿರುವಿ ತಿರುವಿ ತೋಳು ಸೋಲುತ್ತದೆ. ಮುದ್ದೆಯಾಗಿ ಬಾಣಲೆ ಬಿಟ್ಟುಬಂದಾಗ ಒದ್ದೆ ಬೆರಳಲ್ಲಿ ಮುಟ್ಟಿ ನೋಡಿ, ಅಂಟಬಾರದು. ಈ ಕಣಕ ತೆಳ್ಳಗೆ ತಟ್ಟಲು ಬರುವುದಿಲ್ಲ, ಆಂಬೆಮೋಹರದ ಘಮವೂ ಇಲ್ಲ. ಆದರೆ ಬೆಳಿಗ್ಗೆ ಮಾಡಿದ್ದು ರಾತ್ರಿ ಊಟಕ್ಕೂ ಮೆತ್ತಗಿತ್ತು. ಆಂಬೆಮೋಹರದ್ದು ಸಂಜೆಗೇ ಬಿಗಿದು, ಮತ್ತೆ ಹಬೆಗಿಡಬೇಕಾಯಿತು. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಅಮ್ಮನ ಕಣಕವನ್ನೇ: ಬಿರುಕು ಬಿಟ್ಟರೂ ಒದ್ದೆ ಬೆರಳಲ್ಲಿ ಸವರಿದರೆ ಕೂಡಿಕೊಳ್ಳುತ್ತದೆ.

ಚೌತಿಯ ದಿನ ನೈವೇದ್ಯದ 21 ಮೋದಕಕ್ಕೆ ಆಂಬೆಮೋಹರ್ ಹಿಟ್ಟು ಉಕ್ಕರಿಸುತ್ತೇನೆ. ಸಂಜೆ ಆರತಿಗೆ ಬರುವವರಿಗೆ ಅಮ್ಮನ ಕಡುಬು. ಎರಡಕ್ಕೂ ಮೇಲೆ ಬಿಸಿ ತುಪ್ಪ. ಕಾಕುಗೆ ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಕೊಡುತ್ತೇನೆ.