ಬ್ಲೇಕ್ ಓದಿಗೆ ಮೂರು ಪ್ರವೇಶಿಕೆಗಳು, ಒಂದು ಕವಿತೆಯ ಪರೀಕ್ಷೆ

ಕಳೆದ ಮಳೆಗಾಲದಲ್ಲಿ ಮುಂಬಯಿಯ ಮಾಟುಂಗದ ನಮ್ಮ ಓದುಗರ ಕೂಟ ವಿಲಿಯಂ ಬ್ಲೇಕ್‌ನನ್ನು (1757–1827) ಕೈಗೆತ್ತಿಕೊಂಡಾಗ, ಕವಿಯೂ ಕೆತ್ತನೆಗಾರನೂ ಆಗಿದ್ದ ಈ ದಾರ್ಶನಿಕನ ಪರಿಚಯಕ್ಕೆ ಯಾವ ವಿದ್ವಾಂಸರನ್ನು ನೆಚ್ಚಬೇಕೆಂಬ ಚರ್ಚೆ ಮೊದಲ ದಿನವೇ ಎದ್ದಿತು. ನಾರ್ತ್ರಪ್ ಫ್ರೈ ಅವರ ‘ಫಿಯರ್‌ಫುಲ್ ಸಿಮೆಟ್ರಿ’ (1947), ಡೇವಿಡ್ ಅರ್ಡ್‌ಮನ್ ಅವರ ‘ಬ್ಲೇಕ್: ಪ್ರಾಫೆಟ್ ಅಗೇನ್‌ಸ್ಟ್ ಎಂಪೈರ್’ (1954), ಫಾಸ್ಟರ್ ಡೇಮನ್ ಅವರ ‘ಎ ಬ್ಲೇಕ್ ಡಿಕ್ಷನರಿ’ (1965), ಈ ಮೂರನ್ನೂ ‘ಲಂಡನ್’ ಎಂಬ ಹದಿನಾರು ಸಾಲಿನ ಒಂದೇ ಕವಿತೆಗೆ ಹಚ್ಚಿ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಡೇಮನ್ ಅವರದು ಅಕಾರಾದಿ ಕೋಶ. ಬ್ಲೇಕ್ ತಾನೇ ಕಟ್ಟಿದ ಪುರಾಣದಲ್ಲಿ ಯುರಿಜೆನ್ ಎಂದರೆ ಎಲ್ಲೆಕಟ್ಟುವ ಬುದ್ಧಿ, ಲಾಸ್ ಎಂದರೆ ಕಲ್ಪನೆಯ ಕಮ್ಮಾರ ಎಂದು ತಕ್ಷಣ ತಿಳಿಯುತ್ತದೆ. ಬೆಡಗಿನ ವಚನಗಳಿಗೆ ಬರೆದ ಟೀಕೆಗಳಂತೆ, ಒಗಟು ಒಡೆಯುತ್ತದೆ, ಬೆಡಗು ಉಳಿಯುವುದಿಲ್ಲ. ‘ಲಂಡನ್’ನಲ್ಲಿ ಅಂಥ ಪುರಾಣಪಾತ್ರಗಳೇ ಇಲ್ಲದ ಕಾರಣ ಕೋಶ ಅಲ್ಲಿ ಹೆಚ್ಚು ಕೆಲಸಕ್ಕೆ ಬರಲಿಲ್ಲ.

ಅರ್ಡ್‌ಮನ್ ಹಾಗಲ್ಲ. ‘ಲಂಡನ್’ನ ಕರಡಿನಲ್ಲಿ ಬ್ಲೇಕ್ ಮೊದಲು ‘ಕೊಳಕು’ ಬೀದಿ ಎಂದು ಬರೆದು, ಆಮೇಲೆ ಆ ಮಾತನ್ನು ತೆಗೆದು ‘ಚಾರ್ಟರ್ಡ್’ ಬೀದಿ ಎಂದು ತಿದ್ದಿದ. ‘ಮನಸ್ಸೇ ಬೆಸೆದ ಬೇಡಿ’ಯ ಜಾಗದಲ್ಲಿ ಮೊದಲು ಇದ್ದದ್ದು ಜರ್ಮನಿಯಲ್ಲಿ ಬೆಸೆದ ಸಂಕೋಲೆ. ಇಂಥ ತಿದ್ದುಪಡಿಗಳನ್ನು ಅರ್ಡ್‌ಮನ್ ಜರ್ಮನ್ ಮೂಲದ ಹ್ಯಾನೋವರ್ ಮನೆತನ ಬ್ರಿಟನ್ನಿನಲ್ಲಿ ನಡೆಸುತ್ತಿದ್ದ ಅರಸೊತ್ತಿಗೆ, ಫ್ರೆಂಚ್ ಕ್ರಾಂತಿಯ ಕಾಲದ ದಮನ ಇವುಗಳ ನಡುವೆ ಇಟ್ಟು ಓದುತ್ತಾರೆ. ‘ಚಾರ್ಟರ್’ ಪದಕ್ಕೆ ನಾನು ‘ಸನದು’ ಎಂದಾಗ ಕೂಟದಲ್ಲಿ ಯಾರಿಗೂ ವಿವರಣೆ ಬೇಕಾಗಲಿಲ್ಲ. ನಾವು ಕೂತಿದ್ದ ಮುಂಬಯಿಯೇ 1668ರಲ್ಲಿ ರಾಜಸನದಿನ ಮೂಲಕ ವರ್ಷಕ್ಕೆ 10 ಪೌಂಡಿನ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಊರಲ್ಲವೇ! ಆದರೆ ದೀರ್ಘ ಕಾವ್ಯಗಳಲ್ಲೂ ಅವರು ಪ್ರತಿಯೊಂದು ರೂಪಕದ ಹಿಂದೆ ಒಂದು ರಾಜಕೀಯ ಘಟನೆಯನ್ನು ಹುಡುಕತೊಡಗಿದಾಗ ನನಗೆ ಆಯಾಸವಾಯಿತು.

ಫ್ರೈ ಅವರ ಪುಸ್ತಕ ಹಾರ್ಬರ್ ಲೈನಿನ ಲೋಕಲ್ ರೈಲಿನ ಗದ್ದಲದಲ್ಲಿ ಓದುವಂಥದ್ದಲ್ಲ. ಕಿಂಗ್ಸ್ ಸರ್ಕಲ್‌ನಿಂದ ವಡಾಲಾ ಬರುವಷ್ಟರಲ್ಲಿ ಒಂದೇ ಪ್ಯಾರಾವನ್ನು ನಾನು ಮೂರು ಸಲ ಓದಿದ್ದುಂಟು. ಇಂದ್ರಿಯಗಳು ಕೊಟ್ಟದ್ದನ್ನು ಮನಸ್ಸು ಸುಮ್ಮನೆ ಪಡೆಯುತ್ತದೆಂಬ ತತ್ವಜ್ಞಾನಿ ಜಾನ್ ಲಾಕ್‌ನ ವಿಚಾರದೊಡನೆ ಬ್ಲೇಕ್‌ಗಿದ್ದ ಜಗಳದಿಂದಲೇ ಅದು ಆರಂಭವಾಗುತ್ತದೆ. ಅದನ್ನು ದಾಟಿ ಬಂದ ಮೇಲೆ ಮನಸ್ಸೇ ಬೆಸೆದ ಬೇಡಿಯೆಂಬ ಮಾತು ಬರಿಯ ಸಾಮಾಜಿಕ ದೂರಾಗಿ ಉಳಿಯದೆ, ನೋಡುವ ಕಣ್ಣಿನ ಮೇಲಿನ ಆರೋಪವೂ ಆಗುತ್ತದೆ. ಕಷ್ಟಪಟ್ಟದ್ದಕ್ಕೆ ಹೆಚ್ಚು ಕೂಲಿ ಕೊಟ್ಟದ್ದು ಇದೇ ಪುಸ್ತಕ.

ಇಷ್ಟಾದರೂ ಮೂವರನ್ನೂ ಓದಿ ಮುಗಿಸಿದ ನನಗೆ ಆ ಕವಿತೆಯ ಜೊತೆಗಿನ ಚಿತ್ರದ ಮುದುಕ ಗೊತ್ತಿರಲಿಲ್ಲ. ಬ್ಲೇಕ್ ತಾಮ್ರದ ತಗಡಿನ ಮೇಲೆ ಆಮ್ಲ ತಾಗದ ದ್ರವದಿಂದ ಅಕ್ಷರಗಳನ್ನು ತಿರುಗುಮುರುಗಾಗಿ ಬರೆದು, ಜೊತೆಗೆ ಚಿತ್ರವನ್ನೂ ಬಿಡಿಸಿ, ಉಳಿದ ಭಾಗವನ್ನು ಆಮ್ಲದಿಂದ ಕೊರೆದು, ಅಚ್ಚಾದ ಹಾಳೆಗಳಿಗೆ ಬಣ್ಣ ತುಂಬುತ್ತಿದ್ದ. ಹೆಂಡತಿ ಕ್ಯಾಥರಿನ್ ನೆರವಾಗುತ್ತಿದ್ದಳು. ‘ಲಂಡನ್’ ಇರುವ ‘ಸಾಂಗ್ಸ್ ಆಫ್ ಇನೊಸೆನ್ಸ್ ಅಂಡ್ ಆಫ್ ಎಕ್ಸ್‌ಪೀರಿಯೆನ್ಸ್’ ಸಂಕಲನದ, ಜೆಫ್ರಿ ಕೀನ್ಸ್ ಸಂಪಾದಿಸಿದ, 54 ಫಲಕಗಳ ವರ್ಣಪ್ರತಿಯನ್ನು ಸ್ನೇಹಿತರೊಬ್ಬರು ತಂದಾಗ ‘ಲಂಡನ್’ನ ಪುಟದ ಮೇಲ್ಭಾಗದಲ್ಲಿ ಊರುಗೋಲು ಹಿಡಿದ ಗಡ್ಡದ ಮುದುಕನನ್ನು ಒಂದು ಮಗು ನಡೆಸಿಕೊಂಡು ಹೋಗುತ್ತಿತ್ತು. ಆ ಮುದುಕ ಪದ್ಯದ ಒಂದು ಸಾಲಿನಲ್ಲೂ ಇಲ್ಲ. ಅದೇ ಪ್ರತಿಯಲ್ಲಿ ‘ದ ಟೈಗರ್’ ಫಲಕ ನೋಡಿ ಕೂಟದ ಹಿರಿಯರೊಬ್ಬರು, “ಪದ್ಯ ಓದಿ ನಡುಗಿದೆ ಮಾರಾಯರೇ, ಈ ಹುಲಿ ನಮ್ಮನೆ ಬೆಕ್ಕಿನ ಹಾಗಿದೆಯಲ್ಲ” ಎಂದರು. ಆ ಸಂಜೆ ಯಾವ ಪ್ರವೇಶಿಕೆಯೂ ಎಬ್ಬಿಸದ ವಾದ ಅದೊಂದು ಮಾತಿನಿಂದ ಎದ್ದಿತು.

ಹೊಸಬರಿಗೆ ನಾನೀಗ ಮೊದಲು ಕೀನ್ಸ್ ಪ್ರತಿಯನ್ನೂ ಆಮೇಲೆ ಫ್ರೈಯನ್ನೂ ಕೊಡುತ್ತೇನೆ. ಅರ್ಡ್‌ಮನ್ ಬೇಕೆನಿಸಿದಾಗ ತೆಗೆದುಕೊಳ್ಳಲಿ; ಡೇಮನ್ ಕಪಾಟಿನಲ್ಲಿ ಕೈಗೆಟುಕುವಂತಿದ್ದರೆ ಸಾಕು.