ಕೂದಲು ಪಾಚಿ: ಏಳು ತಿಂಗಳು, ಒಂದೇ ಟ್ಯಾಂಕ್, ಆರು ಉಪಾಯ

ಊರಿಂದ ಬಂದ ಅಮ್ಮ ಅಕ್ವೇರಿಯಂ ಮುಂದೆ ನಿಂತು ಮೊದಲು ಕೇಳಿದ್ದೇ, "ಇದೇನೋ, ನಿನ್ನ ಟ್ಯಾಂಕಿಗೆ ಜಡೆ ಬಂದಿದೆಯಲ್ಲೋ?" ಅಂತ. ನಿಜಕ್ಕೂ ಹಾಗೇ ಇತ್ತು. ಮರದ ಬೇರಿನ ಮೇಲೆ, ಫಿಲ್ಟರ್ ಪೈಪಿನ ಮೇಲೆ, ಗಿಡಗಳ ಎಲೆಯಂಚಿನಲ್ಲಿ ಗೇಣುದ್ದದ ಹಸಿರು ಕೂದಲು. ನೀರು ಹರಿಯುವ ಕಡೆಗೆ ಎಣ್ಣೆ ಹಚ್ಚಿ ಬಾಚಿದ ಹಾಗೆ ಮಲಗಿತ್ತು.

ನನ್ನದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್. ಕಲ್ಲು, ಮರಳು ಕಳೆದರೆ ಸುಮಾರು 45 ಲೀಟರ್ ನೀರು. ಗಪ್ಪಿಗಳು, ಕೆಂಪು ಚೆರ್ರಿ ಸೀಗಡಿಗಳು, ಒಂದಷ್ಟು ಗಿಡ. ಜೋರು ಬೆಳಕಿನ ಹೊಸ ಎಲ್‌ಇಡಿ ಹಾಕಿದ ಮೂರನೇ ವಾರಕ್ಕೆ ಪಾಚಿ ಶುರುವಾಯಿತು. ಏಳು ತಿಂಗಳಲ್ಲಿ ಒಂದಾದ ಮೇಲೊಂದರಂತೆ ಆರು ಉಪಾಯ ಮಾಡಿ ನೋಡಿದೆ. ಒಂದೇ ಟ್ಯಾಂಕಿನಲ್ಲಿ ಮಾಡಿದ್ದರಿಂದ ಒಂದರ ಫಲ ಇನ್ನೊಂದಕ್ಕೆ ಸ್ವಲ್ಪ ಅಂಟಿರಬಹುದು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಇನ್ನೊಂದು ಮಾತು. ಕೂದಲು ಪಾಚಿ ಅಂದರೆ ಒಂದೇ ಜಾತಿ ಅಲ್ಲ. ಬೆರಳಿಗೆ ಲೋಳೆಯ ಹಾಗೆ ಜಾರಿದರೆ ಅದು ಪಿಯುಸಿ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಕೆಳಗೆ ನೋಡಿದ ಸ್ಪೈರೋಗೈರಾ ಇರಬಹುದು. ಒರಟಾಗಿ, ಕಿತ್ತರೂ ಬರದಂತೆ ಹಿಡಿದಿದ್ದರೆ ಕ್ಲ್ಯಾಡೋಫೋರಾ ಇರಬಹುದು, ಅದು ಮಹಾ ಹಠಮಾರಿ. ನನ್ನದು ಮೆತ್ತಗಿತ್ತು, ಎಳೆದರೆ ಎಳೆಯಾಗಿ ಬರುತ್ತಿತ್ತು. ಕಪ್ಪು ಗಡ್ಡದಂಥ ಪಾಚಿ ಇದ್ದವರಿಗೆ ನನ್ನ ಅನುಭವ ಅಷ್ಟಾಗಿ ಹೊಂದಲ್ಲ. ಅದು ಕೆಂಪು ಪಾಚಿಗಳ ಬಳಗದ್ದು.

ಮೊದಲನೆಯದು ಹಳೇ ಹಲ್ಲುಜ್ಜುವ ಬ್ರಶ್. ಪಾಚಿಯೊಳಗೆ ಬ್ರಶ್ ಇಟ್ಟು ಒಂದೇ ಕಡೆಗೆ ತಿರುಗಿಸಬೇಕು, ಜಾತ್ರೆಯಲ್ಲಿ ಬೊಂಬಾಯಿ ಮಿಠಾಯಿಯನ್ನು ಕಡ್ಡಿಗೆ ಸುತ್ತುತ್ತಾರಲ್ಲ, ಹಾಗೆ. ಖರ್ಚಿಲ್ಲ, ಮೀನಿಗೆ ತೊಂದರೆ ಇಲ್ಲ, ಹತ್ತು ನಿಮಿಷದಲ್ಲಿ ಮುಷ್ಟಿ ತುಂಬ ಪಾಚಿ. ಆದರೆ ಉಜ್ಜಿದರೆ ಕೆಟ್ಟಿತು. ತುಂಡಾದ ಎಳೆಗಳು ತೇಲಿಹೋಗಿ ಬೇರೆ ಗಿಡಕ್ಕೆ ಸಿಕ್ಕಿಕೊಂಡು ಅಲ್ಲೇ ಬೆಳೆಯುತ್ತವೆ. ನನಗೆ ವಾರಕ್ಕೊಮ್ಮೆ ಸುತ್ತುವ ಕೆಲಸ ತಪ್ಪಲಿಲ್ಲ.

ಆಮೇಲೆ ಕತ್ತಲೆ. ಮೂರು ದಿನ ಲೈಟ್ ಬಂದ್, ಟ್ಯಾಂಕಿಗೆ ದಪ್ಪ ಕಪ್ಪು ಬೆಡ್‌ಶೀಟ್, ಏರ್ ಪಂಪ್ ಮಾತ್ರ ಚಾಲು, ಊಟ ಇಲ್ಲ. ನಾಲ್ಕನೇ ದಿನ ತೆಗೆದಾಗ ಪಾಚಿ ಬಿಳಿಚಿಕೊಂಡಿತ್ತು, ಅರ್ಧಕ್ಕರ್ಧ ಉದುರಿತ್ತು. ಖುಷಿಯಾಯಿತು. ಆದರೆ ಸತ್ತ ಪಾಚಿ ಕೊಳೆತರೆ ಅಮೋನಿಯಾ ಏರುತ್ತದೆ, ಅದಕ್ಕೇ ಅವತ್ತೇ ಅರ್ಧ ನೀರು ಬದಲಿಸಿದೆ. ಹನ್ನೆರಡನೇ ದಿನ ಬೇರಿನ ಮೇಲೆ ಮತ್ತೆ ಹಸಿರು. ಲೈಟನ್ನು ಹಳೇ ಲೆಕ್ಕದಲ್ಲೇ ಉರಿಸುತ್ತಿದ್ದೆ, ಇನ್ನೇನಾಗುತ್ತೆ ಹೇಳಿ.

ನಿಜವಾದ ಪೈಪೋಟಿ ನಡೆದದ್ದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಕ್ವೇರಿಯಂ ಗಿಡಗಳಿಗೆಂದು ಮಾರುವ ಲಿಕ್ವಿಡ್ ಕಾರ್ಬನ್ ನಡುವೆ. ಬೇರಿನ ಎಡಭಾಗಕ್ಕೆ ಪೆರಾಕ್ಸೈಡ್, ಎರಡು ವಾರ ಬಿಟ್ಟು ಬಲಭಾಗಕ್ಕೆ ಲಿಕ್ವಿಡ್ ಕಾರ್ಬನ್. ಎರಡನ್ನೂ ಒಟ್ಟಿಗೆ ಹಾಕಬಾರದು.

ಪೆರಾಕ್ಸೈಡಿನಲ್ಲಿ ಒಂದು ಗುಂಡಿ ಇದೆ, ನಾನು ಬೀಳುವುದರಲ್ಲಿದ್ದೆ. ಅಕ್ವೇರಿಯಂನವರು ಹೇಳುವ ಅಳತೆಯೆಲ್ಲ ಸಾಮಾನ್ಯವಾಗಿ 3 ಪರ್ಸೆಂಟ್ ದ್ರಾವಣದ್ದು. ನಮ್ಮ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೈಗೆ ಬಂದದ್ದು 6 ಪರ್ಸೆಂಟಿನದ್ದು, ಲೇಬಲ್ಲಿನ ಮೇಲೆ '20 ವಾಲ್ಯೂಮ್' ಅಂತ ಇರುತ್ತದೆ. ಓದದೆ ಸುರಿದರೆ ಡಬಲ್ ಡೋಸ್, ಸೀಗಡಿಗಳ ಕಥೆ ಮುಗಿದಂತೆ. 3 ಪರ್ಸೆಂಟಿನದ್ದಾದರೆ ಲೀಟರಿಗೆ ಕಾಲು ಮಿಲಿ ಲೆಕ್ಕ, ಹಾಗಾಗಿ ನನ್ನ 45 ಲೀಟರಿಗೆ ಈ ಬಾಟಲಿಯಿಂದ ಬರೀ 5 ಮಿಲಿ ಸಾಕಾಯಿತು. ಫಿಲ್ಟರ್ ನಿಲ್ಲಿಸಿ, ಸೂಜಿ ತೆಗೆದ ಸಿರಿಂಜಿನಿಂದ ಪಾಚಿಯ ಮೇಲೇ ನಿಧಾನಕ್ಕೆ ಬಿಟ್ಟೆ. ಸೋಡಾ ಬಾಟಲಿ ಬಿಚ್ಚಿದ ಹಾಗೆ ಸಣ್ಣ ಸಣ್ಣ ಗುಳ್ಳೆ. ಮಲಗಿದ್ದ ಕೂದಲೆಲ್ಲ ಗುಳ್ಳೆ ಕಚ್ಚಿಕೊಂಡು ಎದ್ದು ನಿಂತಿತು! ಹತ್ತು ನಿಮಿಷ ಬಿಟ್ಟು ಫಿಲ್ಟರ್ ಹಾಕಿದೆ.

ಎರಡನೇ ದಿನ ಪಾಚಿ ತಿಳಿ ಗುಲಾಬಿ, ನಾಲ್ಕನೇ ದಿನ ಬೂದು. ಆಗ ನೋಡಬೇಕಿತ್ತು ಸೀಗಡಿಗಳನ್ನು. ಹಸಿರಾಗಿದ್ದಾಗ ಆ ಉದ್ದ ಎಳೆಗಳ ಹತ್ತಿರಕ್ಕೂ ಬರದವು ಈಗ ಎಡಭಾಗದಲ್ಲಿ ಸಾಲಾಗಿ ಕೂತು, ಎರಡೂ ಕೈಯಲ್ಲಿ ಕಿತ್ತು ಬಾಯಿಗಿಡುತ್ತಿದ್ದವು. ಪೆರಾಕ್ಸೈಡ್ ಒಡೆದು ನೀರು ಮತ್ತು ಆಮ್ಲಜನಕ ಆಗಿಬಿಡುತ್ತದೆ, ಹಿಂದೆ ಏನೂ ಉಳಿಯಲ್ಲ. ಖರ್ಚು ಸುಮಾರು ನಲವತ್ತು ರೂಪಾಯಿ.

ಲಿಕ್ವಿಡ್ ಕಾರ್ಬನ್ನಿಗೆ ಅದರ ಹತ್ತು ಪಟ್ಟಿಗಿಂತ ಜಾಸ್ತಿ ಕೊಟ್ಟೆ. ಹೆಸರು ಕೇಳಿದರೆ ಗಿಡಕ್ಕೆ ಟಾನಿಕ್ ಅನಿಸುತ್ತೆ ಅಲ್ವಾ? ಇಂಥ ಬಾಟಲಿಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಗ್ಲುಟರಾಲ್ಡಿಹೈಡ್, ಆಸ್ಪತ್ರೆಯಲ್ಲಿ ಉಪಕರಣಗಳ ಕ್ರಿಮಿ ಕೊಲ್ಲಲು ಬಳಸುವ ರಾಸಾಯನಿಕ. ಕೈಗವಸು ಇಲ್ಲದೆ ಮುಟ್ಟಬಾರದು. ದಿನಾ ಬೆಳಿಗ್ಗೆ 1 ಮಿಲಿ, ಎರಡು ವಾರ. ಬಲಭಾಗದ ಪಾಚಿ ತೆಳುವಾಯಿತು, ಪೂರ್ತಿ ಹೋಗಲಿಲ್ಲ. ಅಷ್ಟರಲ್ಲಿ ವ್ಯಾಲಿಸ್ನೇರಿಯಾ ಗಿಡ ಬೇಯಿಸಿದ ಸೊಪ್ಪಿನ ಹಾಗೆ ಕರಗಿ ಮರಳ ಮೇಲೆ ಬಿತ್ತು. ಆ ಗಿಡಕ್ಕೆ ಇದು ಆಗಿಬರಲ್ಲ ಅಂತ ಆಮೇಲೆ ಗೊತ್ತಾಯಿತು. ನನ್ನ ಲೆಕ್ಕದಲ್ಲಿ ಪೆರಾಕ್ಸೈಡ್ ಎಷ್ಟೋ ಮೇಲು.

ಪಾಚಿ ತಿನ್ನುವ ಮೀನಿನ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ, ಹೊಟ್ಟೆ ಉರಿಯುತ್ತೆ. ಅಂಗಡಿಯವರು ಸಯಾಮೀಸ್ ಆಲ್ಗೆ ಈಟರ್ ಅಂತ ಕೊಟ್ಟದ್ದು ಚೈನೀಸ್ ಆಲ್ಗೆ ಈಟರ್. ಮರಿಯಲ್ಲಿ ಗುರುತು ಹಿಡಿಯುವುದು ಕಷ್ಟ. ಸಯಾಮೀಸಿನ ಕಪ್ಪು ಪಟ್ಟಿ ಬಾಲದ ರೆಕ್ಕೆಯ ತುದಿಯವರೆಗೂ ಹೋಗುತ್ತದೆ. ಚೈನೀಸಿನ ಬಾಯಿ ಗಾಜಿಗೆ ಕಚ್ಚಿಕೊಳ್ಳುವ ಹೀರುಬಾಯಿ. ನನ್ನದು ದೊಡ್ಡದಾಗುತ್ತಾ ಪಾಚಿ ಬಿಟ್ಟು ಗಪ್ಪಿಗಳ ಮೈಗೆ ಅಂಟಿಕೊಳ್ಳತೊಡಗಿತು. ವಾಪಸ್ ಕೊಟ್ಟು ಬಂದೆ. ಅಸಲಿ ಸಿಕ್ಕರೂ ಅದು ಗೇಣುದ್ದ ಬೆಳೆಯುವ ಮೀನು, ಎರಡಡಿ ಟ್ಯಾಂಕಿಗೆ ತರಬೇಡಿ. ಅಮಾನೋ ಸೀಗಡಿ ಹಾಕಿ ಅಂತ ಸುಮಾರು ಜನ ಹೇಳಿದರು. ನನಗೆ ಸಿಗಲಿಲ್ಲ, ಹಾಗಾಗಿ ಅದರ ಬಗ್ಗೆ ಸುಮ್ನಿರುತ್ತೇನೆ.

ಇಷ್ಟೆಲ್ಲ ಆದ ಮೇಲೆ ಅಮ್ಮ ಎರಡನೇ ಸಲ ಬಂದರು. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಕಿಟಕಿಯ ಬಿಸಿಲು ನೇರ ಟ್ಯಾಂಕಿಗೆ ಬೀಳುವುದನ್ನು ಕಾಫಿ ಕುಡಿಯುತ್ತಾ ನೋಡಿದರು. "ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಬಿಸಿಲು ಬೀಳೋ ಕಡೆಗೇ ಕಣೋ ಪಾಚಿ. ನೀನು ಬಿಸಿಲೂ ಕೊಟ್ಟು, ಲೈಟೂ ಕೊಟ್ಟು, ಯಾಕೆ ಬಂತು ಅಂದ್ರೆ?"

ಕಿಟಕಿ ಕಡೆಯ ಗಾಜಿಗೆ ಅವತ್ತೇ ಕಪ್ಪು ಚಾರ್ಟ್ ಪೇಪರ್ ಅಂಟಿಸಿದೆ. ಹನ್ನೊಂದು ಗಂಟೆ ಉರಿಯುತ್ತಿದ್ದ ಲೈಟಿಗೆ ಟೈಮರ್ ಹಾಕಿ ಆರು ಗಂಟೆಗೆ ಇಳಿಸಿದೆ. ಗೆಳೆಯನ ಟಬ್ಬಿನಿಂದ ನಾಲ್ಕು ಅಂತರಗಂಗೆ ಗಿಡ ತಂದು ತೇಲಿಬಿಟ್ಟೆ. ಮೂರು ವಾರದಲ್ಲಿ ಅರ್ಧ ನೀರು ಮುಚ್ಚಿತು. ಮೇಲೆ ನೆರಳು, ಕೆಳಗೆ ಜೋತುಬಿದ್ದ ಬೇರುಗಳು ಪಾಚಿಗೆ ಸಿಗುವ ಗೊಬ್ಬರವನ್ನು ತಾವೇ ಹೀರುತ್ತವೆ, ಗಪ್ಪಿ ಮರಿಗಳಿಗೆ ಬಚ್ಚಿಟ್ಟುಕೊಳ್ಳಲು ಜಾಗ. ತಕರಾರು ಎರಡೇ: ಎಲೆ ಮೇಲೆ ಫಿಲ್ಟರ್ ನೀರು ಬೀಳುತ್ತಿದ್ದರೆ ಕೊಳೆಯುತ್ತದೆ, ಮತ್ತು ವಾರ ವಾರ ಹೆಚ್ಚಾದದ್ದನ್ನು ತೆಗೆಯಲೇಬೇಕು. ನಾನು ಕರಿಬೇವಿನ ಕುಂಡಕ್ಕೆ ಹಾಕುತ್ತೇನೆ. ಕೆರೆಗೆ, ಕಾಲುವೆಗೆ ಮಾತ್ರ ಎಸೆಯಬೇಡಿ, ಅಲ್ಲಿ ಇದೇ ದೊಡ್ಡ ಪೀಡೆ.

ಟೈಮರ್ ಮತ್ತು ಅಂತರಗಂಗೆ ಬಂದು ಈಗ ಎರಡೂವರೆ ತಿಂಗಳು. ಬ್ರಶ್ ತಿಂಗಳಿಗೊಮ್ಮೆ ಕೈಗೆ ಬಂದರೆ ಹೆಚ್ಚು. ಪೆರಾಕ್ಸೈಡ್ ಬಾಟಲಿ ಫ್ರಿಜ್ಜಿನ ಮೇಲಿದೆ, ಮುಟ್ಟಿಲ್ಲ. ಹಿಂದಿನ ಗಾಜಿನಲ್ಲಿ ಅಂಗೈಯಗಲ ಗಿಡ್ಡ ಪಾಚಿ ಉಳಿದಿದೆ. ಸೀಗಡಿಗಳು ಮಧ್ಯಾಹ್ನ ಅಲ್ಲೇ ಮೇಯುತ್ತವೆ, ಅದನ್ನು ನಾನು ಉಜ್ಜುವುದಿಲ್ಲ.