ದಾವಣಗೆರೆಯಲ್ಲಿ ಮ್ಯಾಕ್ರೋಬಯಾಟಿಕ್ ಊಟ: ನವಣೆ ಅಪ್ಪಟ, ಮಜ್ಜಿಗೆ ಬೇಕಿತ್ತು

ನಾನು ಕಾಳುಕಡಿ ವ್ಯಾಪಾರದವನು. ಪಿ.ಜೆ. ಬಡಾವಣೆಯ ಈ ಪುಟ್ಟ ಖಾನಾವಳಿಗೆ ಹೋದಾಗ ಮೊದಲು ಕೇಳಿದ್ದೇ, "ಅಕ್ಕಾ, ನವಣೆ ಅಕ್ಕಿ ಸ್ವಲ್ಪ ತೋರಿಸ್ತೀರಾ?" ಅಂತ. ಬೇಜಾರು ಮಾಡಿಕೊಳ್ಳದೆ ಡಬ್ಬಿ ತಂದು ಅಂಗೈಗೆ ಸುರಿದರು. ಬಾಗಿಲ ಬಿಸಿಲಿಗೆ ಹಿಡಿದು ನೋಡಿದೆ. ಮಂಕು ಬಣ್ಣ, ಕಾಳಿನ ಮೇಲೆ ತೌಡು ಹಾಗೇ ಇದೆ, ಉಜ್ಜಿದರೆ ಬೆರಳಿಗೆ ನುಣ್ಣನೆ ಪುಡಿ ಅಂಟುತ್ತದೆ. ಪಾಲಿಶ್ ಮಾಡಿದ ಮಾಲು ಹೊಳೆಯುತ್ತದೆ, ಜಾಸ್ತಿ ದಿನ ತಡೆಯುತ್ತದೆ. ಇದರ ತೌಡಿನಲ್ಲಿ ಎಣ್ಣೆ ಇರೋದರಿಂದ ಬೇಗ ಮುಗ್ಗಲು ವಾಸನೆ ಬರುತ್ತದೆ. ಅದಕ್ಕೇ ಚಳ್ಳಕೆರೆ ಕಡೆಯಿಂದ ಆಗಾಗ ಸ್ವಲ್ಪಸ್ವಲ್ಪವೇ ತರಿಸುತ್ತಾರಂತೆ. ಇಷ್ಟು ಕಾಳಜಿ ಮಾಡುವವರು ಎಷ್ಟು ಜನ ಇದ್ದಾರೆ ಹೇಳಿ?

ಮ್ಯಾಕ್ರೋಬಯಾಟಿಕ್ ಅಂದರೆ ಜಪಾನಿನ ಜಾರ್ಜ್ ಒಸಾವಾ ಹರಡಿದ, ಅವರ ಶಿಷ್ಯ ಮಿಚಿಯೊ ಕುಶಿ ಅಮೆರಿಕದಲ್ಲಿ ಬೆಳೆಸಿದ ಊಟದ ಪದ್ಧತಿ. ಊಟದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲಿಶ್ ಮಾಡದ ಧಾನ್ಯ, ಕಾಲು ಭಾಗಕ್ಕೆ ಕಮ್ಮಿಯಿಲ್ಲದಂತೆ ತರಕಾರಿ, ಸ್ವಲ್ಪ ಬೇಳೆಕಾಳು, ಒಂದು ಸೂಪು. ಎಲ್ಲಾ ಆಹಾರದಲ್ಲೂ ಯಿನ್, ಯಾಂಗ್ ಅಂತ ಒಂದಕ್ಕೊಂದು ಎದುರಾದ ಎರಡು ಗುಣ ಇರುತ್ತವೆ, ಸಕ್ಕರೆ ಅತಿ ಯಿನ್, ಮಾಂಸ ಅತಿ ಯಾಂಗ್, ಧಾನ್ಯ ನಡುವಿನದು ಅನ್ನೋದು ಅವರ ಲೆಕ್ಕ. ನನಗೆ ಹಿಡಿಸಿದ್ದು ಇನ್ನೊಂದು ಮಾತು: ನಿಮ್ಮ ಸೀಮೆಯಲ್ಲಿ, ಆಯಾ ಕಾಲಕ್ಕೆ ಬೆಳೆದದ್ದನ್ನೇ ತಿನ್ನಿ.

ಇವರು ಅದನ್ನು ನಿಜವಾಗಿ ಪಾಲಿಸುತ್ತಾರೆ. ನವಣೆ ಅನ್ನ, ಹುರುಳಿ ಸಾರು, ದಂಟಿನ ಸೊಪ್ಪಿನ ಪಲ್ಯ, ಸಿಹಿಗುಂಬಳ, ನಂಚಿಕೊಳ್ಳಲು ಹುರಿದ ಎಳ್ಳಿನ ಪುಡಿಗೆ ಉಪ್ಪು. ಆಲೂಗಡ್ಡೆ, ಬದನೆಕಾಯಿ, ಟೊಮೆಟೊ ಈ ಪದ್ಧತಿಗೆ ಆಗಿಬರಲ್ಲ, ಹಾಗಾಗಿ ಸಾರಿಗೆ ಹುಣಸೆ ಹುಳಿ. ಘಮಘಮ ಅಂತಿತ್ತು. ತುತ್ತಿಗೆ 50 ಸಲವಾದರೂ ಅಗಿಯಿರಿ ಅನ್ನುತ್ತಾರಲ್ಲ, ಈ ನವಣೆ ತಾನಾಗೇ ಅಗಿಸುತ್ತದೆ. ಸ್ವಲ್ಪ ತಿಂದರೂ ಹೊಟ್ಟೆ ತುಂಬಿತು, ಊಟದ ಮೇಲೆ ತೂಕಡಿಕೆ ಬರಲಿಲ್ಲ.

ಆದರೆ ಮಜ್ಜಿಗೆ ಕೊಡಲ್ಲ. ಇದನ್ನು ನಾನು ಒಪ್ಪಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಎಲ್ಲಾ ಬಿಟ್ಟರೆ ಬಿ12 ವಿಟಮಿನ್ ಎಲ್ಲಿಂದ ಬರಬೇಕು? ಮಾತ್ರೆ ತಗೋಬೇಕಾಗುತ್ತದೆ. ಮಕ್ಕಳಿಗೆ, ಬಸುರಿಯರಿಗೆ ಡಾಕ್ಟರನ್ನು ಕೇಳದೆ ಇದನ್ನೇ ದಿನಾ ಕೊಡಬೇಡಿ. ಒಸಾವಾ ಹೇಳಿದ ಬರೀ ಧಾನ್ಯದ ಪಥ್ಯ ಹಿಡಿದು 1960ರ ದಶಕದಲ್ಲಿ ಅಮೆರಿಕದಲ್ಲಿ ಪ್ರಾಣ ಕಳೆದುಕೊಂಡವರಿದ್ದಾರೆ. ಗೋಡೆ ಮೇಲೆ "ಕ್ಯಾನ್ಸರ್ ವಾಸಿ" ಅಂತ ಚೀಟಿ ಬೇರೆ ಅಂಟಿಸಿದ್ದಾರೆ. ಅದಕ್ಕೆ ಪುರಾವೆ ಇಲ್ಲ, ದಯವಿಟ್ಟು ತೆಗೆಯಿರಿ ಅಕ್ಕಾ ಅಂತ ಹೇಳಿ ಬಂದೆ. ನೀವೂ ಹೋದಾಗ ಹೇಳಿ.

ಮಧ್ಯಾಹ್ನ ಮಾತ್ರ ಊಟ, 120 ರೂಪಾಯಿ. ಅನ್ನ ಎರಡನೇ ಸಲವೂ ಬಡಿಸುತ್ತಾರೆ. ಒಂದೂವರೆ ದಾಟಿದರೆ ಹುರುಳಿ ಸಾರು ಖಾಲಿ.